ಮೊಸ್ಯೂ ಪಿಯೆರ್

ಮೊಸ್ಯೂ ಪಿಯೆರ್ (ಸುಮಾರು 1890 – 1963) ಅವರು ಫ್ರಾನ್ಸ್ ಮೂಲದ ನರ್ತಕರು ಹಾಗೂ ನೃತ್ಯಶಿಕ್ಷಕರು. ಲ್ಯಾಟಿನ್ ಅಮೆರಿಕದ ಜೋಡಿನೃತ್ಯಗಳನ್ನು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದು, ಅವುಗಳಿಗೆ ಕ್ರಮಬದ್ಧವಾದ ಬೋಧನಾಪದ್ಧತಿಯನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಇಂದಿನ ಲ್ಯಾಟಿನ್ ಬಾಲ್‌ರೂಮ್ ಸ್ಪರ್ಧೆಗಳಿಗೆ ಅವರ ಕಾರ್ಯವೇ ತಳಹದಿ. ಕ್ಲಬ್ಬುಗಳಲ್ಲಿ ಸಂತೋಷಕ್ಕಾಗಿ ಮಾಡುವ ಸಾಲ್ಸಾ ನೃತ್ಯಕ್ಕೂ ಸ್ಪರ್ಧೆಯ ಲ್ಯಾಟಿನ್ ನೃತ್ಯಕ್ಕೂ ಇರುವ ನಂಟು ಮತ್ತು ಅಂತರಗಳೆರಡನ್ನೂ ಅವರ ಜೀವನದ ಮೂಲಕ ಅರಿಯಬಹುದು.

ಜೀವನ

ಪಿಯೆರ್ ಅವರ ಪೂರ್ಣ ಹೆಸರು ಪಿಯೆರ್ ಜಾನ್ ಫಿಲಿಪ್ ಜುರ್ಷೆ-ಮಾರ್ಗೋಲ್. ದಕ್ಷಿಣ ಫ್ರಾನ್ಸಿನ ಬಂದರು ನಗರವಾದ ತುಲೋನ್‌ನಲ್ಲಿ ಜನಿಸಿದ ಅವರು ಮುಂದೆ ಲಂಡನ್ನಿನಲ್ಲಿ ನೆಲೆಸಿ ನೃತ್ಯಶಿಕ್ಷಕರಾದರು. ಡೋರಿಸ್ ಲವೆಲ್ ಅವರ ನೃತ್ಯಸಂಗಾತಿ ಹಾಗೂ ಸಹಶಿಕ್ಷಕಿಯಾಗಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ಕಲಿಸುತ್ತಿದ್ದ ರುಂಬಾವು ಚೌಕಾಕಾರದಲ್ಲಿ ಹೆಜ್ಜೆಯಿಡುವ ಸರಳ ನೃತ್ಯವಾಗಿತ್ತು. ಅದರ ಮುಖ್ಯ ಹೆಜ್ಜೆ ಸಂಗೀತದ ಮೊದಲ ಎಣಿಕೆಯ ಮೇಲೆ ಬೀಳುತ್ತಿತ್ತು.

ಕ್ಯೂಬಾ ಪ್ರವಾಸ

ಕ್ಯೂಬಾದ ಜನರು ವಾಸ್ತವವಾಗಿ ಹೇಗೆ ನರ್ತಿಸುತ್ತಾರೆಂಬುದನ್ನು ಕಣ್ಣಾರೆ ಕಾಣಲು ಪಿಯೆರ್ 1947ರಲ್ಲಿ ಹವಾನಾ ನಗರಕ್ಕೆ ತೆರಳಿದರು. ಅಲ್ಲಿನ ನರ್ತಕ ಪೆಪೆ ರಿವೇರಾ ಅವರಿಂದ ಒಂದು ಮುಖ್ಯ ಸಂಗತಿ ತಿಳಿದುಬಂದಿತು. ಕ್ಯೂಬಾದಲ್ಲಿ ದಿಕ್ಕು ಬದಲಿಸುವ ಹೆಜ್ಜೆಯನ್ನು ಇಡುತ್ತಿದ್ದುದು ಮೊದಲ ಎಣಿಕೆಯ ಮೇಲಲ್ಲ, ಎರಡನೆಯದರ ಮೇಲೆ. ಲಂಡನ್ನಿನಲ್ಲಿ ಹೆಸರು ಪಡೆದ ಶಿಕ್ಷಕರಾಗಿದ್ದರೂ ಪಿಯೆರ್ ಈ ತಿದ್ದುಪಡಿಯನ್ನು ಒಪ್ಪಿ, ಮತ್ತೆ ವಿದ್ಯಾರ್ಥಿಯಾಗಿ ಕಲಿತರು.

ಹಿಂದಿರುಗಿದ ಬಳಿಕ ಅವರು ಕಲಿಸತೊಡಗಿದ ಪದ್ಧತಿಗೆ ಕ್ಯೂಬನ್ ರುಂಬಾ ಎಂಬ ಹೆಸರು ಬಂದಿತು. ಚೌಕ ರುಂಬಾವನ್ನೇ ಕಲಿತು ಕಲಿಸುತ್ತಿದ್ದವರು ಇದನ್ನು ವಿರೋಧಿಸಿದರು. ಹಲವು ವರ್ಷಗಳ ವಾದವಿವಾದದ ನಂತರ 1955ರಲ್ಲಿ ಕ್ಯೂಬನ್ ಪದ್ಧತಿಗೆ ಅಧಿಕೃತ ಮಾನ್ಯತೆ ದೊರೆಯಿತು. 1950ರ ದಶಕದ ಆರಂಭದಲ್ಲಿ ಮತ್ತೆ ಕ್ಯೂಬಾಕ್ಕೆ ಹೋಗಿಬಂದ ಪಿಯೆರ್, ಅಲ್ಲಿ ಆಗತಾನೇ ರೂಪುಗೊಳ್ಳುತ್ತಿದ್ದ ಚಾಚಾಚಾ ನೃತ್ಯವನ್ನೂ ಲಂಡನ್ನಿಗೆ ತಂದರು. ಚಾಚಾಚಾ ಸಂಗೀತದ ಜನಕರೆಂದು ಕ್ಯೂಬಾದ ಸಂಗೀತಗಾರ ಎನ್ರಿಕೆ ಹೋರಿನ್ ಅವರನ್ನು ಪರಿಗಣಿಸಲಾಗಿದೆ.

ಸಾಲ್ಸಾ ಮತ್ತು ಬಾಲ್‌ರೂಮ್ ಲ್ಯಾಟಿನ್

ಪಿಯೆರ್ ತಂದ ರುಂಬಾಕ್ಕೂ ಸಾಲ್ಸಾಕ್ಕೂ ಕ್ಯೂಬಾದ ಸೋನ್ ಪರಂಪರೆಯೇ ಸಮಾನ ಮೂಲ. ಡೋಲುಗಳ ಮೇಳದೊಂದಿಗೆ ಆಫ್ರಿಕನ್ ಮೂಲದ ಕ್ಯೂಬನ್ನರು ಆಡುವ ಜನಪದ ರುಂಬಾ ಇದಕ್ಕಿಂತ ಬೇರೆಯದು. ಸಾಲ್ಸಾ ಎಂಬ ಹೆಸರು 1960–70ರ ದಶಕಗಳ ನ್ಯೂಯಾರ್ಕ್ ನಗರದಲ್ಲಿ ಪ್ರಚಲಿತವಾಯಿತು. ಕ್ಯೂಬಾ ಮತ್ತು ಪೋರ್ಟೊ ರಿಕೊ ಮೂಲದ ಸಂಗೀತಗಾರರು ಅದನ್ನು ಬೆಳೆಸಿದರು. ಎರಡೂ ನೃತ್ಯಗಳಲ್ಲಿ ನಾಲ್ಕು ಎಣಿಕೆಗೆ ಮೂರು ಹೆಜ್ಜೆಗಳಿವೆ. ಆದರೆ ಅವುಗಳ ಉದ್ದೇಶ ಭಿನ್ನವಾದುದರಿಂದ ರೂಪವೂ ಭಿನ್ನವಾಯಿತು.

ಸ್ಪರ್ಧೆಯಲ್ಲಿ ತೀರ್ಪುಗಾರರು ದೂರದಿಂದ ನೋಡಿ ಜೋಡಿಗಳನ್ನು ಹೋಲಿಸಬೇಕು. ಆದ್ದರಿಂದ ಅಲ್ಲಿ ಏಕರೂಪದ ಪಠ್ಯಕ್ರಮ, ಪರೀಕ್ಷೆ ಮತ್ತು ನಿಗದಿತ ವೇಗ ಇವೆ. ರುಂಬಾ ಸಂಗೀತದ ವೇಗ ನಿಮಿಷಕ್ಕೆ 25ರಿಂದ 27 ಆವರ್ತಗಳು. ದೇಹದ ಭಾರ ಬೀಳುವ ಕಾಲು ನೇರವಾಗಬೇಕು, ತೋಳು ಮತ್ತು ಬೆನ್ನಿನ ರೇಖೆಗಳು ಸ್ಪಷ್ಟವಾಗಿ ಕಾಣಬೇಕು. ಒಂದೇ ಜೋಡಿ ವರ್ಷಗಟ್ಟಲೆ ಅಭ್ಯಾಸ ಮಾಡುತ್ತದೆ.

ಕ್ಲಬ್ಬಿನ ಸಾಲ್ಸಾದಲ್ಲಿ ನೋಡುವವರಿಗಿಂತ ಕೈಹಿಡಿದವರೇ ಮುಖ್ಯ. ಪ್ರತಿ ಹಾಡಿಗೂ ಸಂಗಾತಿ ಬದಲಾಗಬಹುದಾದುದರಿಂದ ಮುಂದಿನ ಹೆಜ್ಜೆಯನ್ನು ಕೈಯ ಸ್ಪರ್ಶದಿಂದಲೇ ಸೂಚಿಸಿ, ಗ್ರಹಿಸಬೇಕಾಗುತ್ತದೆ. ಜನಸಂದಣಿಯ ನಡುವೆ ಹೆಜ್ಜೆಗಳು ಚಿಕ್ಕದಾಗಿರುತ್ತವೆ, ಮೊಣಕಾಲುಗಳು ಸಡಿಲವಾಗಿರುತ್ತವೆ. ಊರಿನಿಂದ ಊರಿಗೆ ಶೈಲಿಯೂ ಬದಲಾಗುತ್ತದೆ. ಕ್ಯೂಬಾದ ಕಸೀನೊ ಶೈಲಿಯಲ್ಲಿ ಜೋಡಿ ಪರಸ್ಪರ ಸುತ್ತುತ್ತದೆ. ನ್ಯೂಯಾರ್ಕ್ ಶೈಲಿಯಲ್ಲಿ ಒಂದೇ ನೇರ ಪಟ್ಟಿಯೊಳಗೆ ಚಲಿಸುತ್ತದೆ. ದಿಕ್ಕು ಬದಲಿಸುವ ಹೆಜ್ಜೆಯನ್ನು ಕೆಲವರು ಮೊದಲ ಎಣಿಕೆಯಲ್ಲೂ ಕೆಲವರು ಎರಡನೆಯದರಲ್ಲೂ ಇಡುತ್ತಾರೆ. ಎರಡೂ ಸರಿಯೇ.

ಪ್ರಭಾವ

ಪಿಯೆರ್ ಅವರು 1963ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಜನರ ನೃತ್ಯವನ್ನು ಯಥಾವತ್ತಾಗಿ ಉಳಿಸಬೇಕೆಂಬುದು ಅವರ ಪ್ರಯತ್ನವಾಗಿತ್ತು. ಆದರೆ ಪುಸ್ತಕಕ್ಕೆ ಇಳಿದ ನೃತ್ಯ ಸ್ಪರ್ಧೆಯ ಅಗತ್ಯಕ್ಕೆ ತಕ್ಕಂತೆ ತನ್ನದೇ ದಾರಿಯಲ್ಲಿ ಬೆಳೆಯಿತು. ಕ್ಯೂಬಾದ ಜನರ ನೃತ್ಯವೂ ಅವರು ಕಂಡಲ್ಲಿಗೇ ನಿಲ್ಲಲಿಲ್ಲ. ಇಂದು ಅಂತರರಾಷ್ಟ್ರೀಯ ಲ್ಯಾಟಿನ್ ಸ್ಪರ್ಧೆಯ ಐದು ನೃತ್ಯಗಳು ಸಾಂಬಾ, ಚಾಚಾಚಾ, ರುಂಬಾ, ಪಾಸೊ ಡೋಬ್ಲೆ ಮತ್ತು ಜೈವ್. ಸಾಲ್ಸಾ ಅವುಗಳಲ್ಲಿ ಸೇರಿಲ್ಲ. ಆದರೂ ಸ್ಪರ್ಧೆಯ ರುಂಬಾ ಮತ್ತು ಚಾಚಾಚಾ ನೃತ್ಯಗಳಲ್ಲಿ ದಿಕ್ಕು ಬದಲಿಸುವ ಹೆಜ್ಜೆ ಈಗಲೂ ಎರಡನೆಯ ಎಣಿಕೆಯ ಮೇಲೆಯೇ ಬೀಳುತ್ತದೆ. ಪಿಯೆರ್ ಹವಾನಾದಲ್ಲಿ ಕಲಿತುಬಂದ ಪಾಠ ಅದು.