ಫೋಲಿಕ್ ಆಸಿಡ್ ಮಾತ್ರೆಯ ಹಿಂದಿನ ಸುಬ್ಬರಾವ್ ಮತ್ತು ಕೊಲೆಸ್ಟ್ರಾಲ್ ಕರಗಿಸುವ ಫಾರ್ವರ್ಡ್

ಓದುಗರೊಬ್ಬರು ನಮಗೊಂದು ವಾಟ್ಸ್ಆ್ಯಪ್ ಫಾರ್ವರ್ಡ್ ಕಳಿಸಿ, ಇದು ನಿಜವೇ ಎಂದು ಕೇಳಿದ್ದರು. ಹಳೆಯ ಕಪ್ಪುಬಿಳುಪು ಫೋಟೊ, ಅದರ ಕೆಳಗೆ ಉದ್ದನೆಯ ಬರಹ. ಫೋಲಿಕ್ ಆಸಿಡ್ ಕಂಡುಹಿಡಿದವರು ಒಬ್ಬ ಭಾರತೀಯ, ಅಗ್ಗದ ಈ ಮಾತ್ರೆ ರಕ್ತನಾಳದ ಕೊಬ್ಬನ್ನೆಲ್ಲ ಕರಗಿಸುತ್ತದೆ, ಔಷಧ ಕಂಪನಿಗಳು ತಮ್ಮ ಕೊಲೆಸ್ಟ್ರಾಲ್ ಮಾತ್ರೆ ಮಾರಲು ಈ ವಿಷಯ ಮುಚ್ಚಿಟ್ಟಿವೆ ಎಂಬುದು ಅದರ ಸಾರ. ಕೇಳಿದವರ ತಂದೆಗೆ 64 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಫಾರ್ವರ್ಡ್ ಓದಿ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿ ಆಗಲೇ ಮೂರು ವಾರವಾಗಿತ್ತು.

ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಫೋಲಿಕ್ ಆಸಿಡ್ ಕೊಲೆಸ್ಟ್ರಾಲ್ ಇಳಿಸುವ ಔಷಧವಲ್ಲ. ವೈದ್ಯರು ಬರೆದುಕೊಟ್ಟ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಅದರ ಜಾಗದಲ್ಲಿ ಇದನ್ನು ನುಂಗುವುದು ಅಪಾಯ.

ಆದರೆ ಫೋಟೊದಲ್ಲಿದ್ದವರು ಕಟ್ಟುಕತೆಯಲ್ಲ. ಅವರು ಯಲ್ಲಾಪ್ರಗಡ ಸುಬ್ಬರಾವ್. ಫಾರ್ವರ್ಡ್‌ನಲ್ಲಿ ನಿಜವಿರುವುದು ಅವರ ಹೆಸರಿನಲ್ಲಿ ಮಾತ್ರ, ಸುಳ್ಳು ಓಡುತ್ತಿರುವುದೂ ಆ ಹೆಸರಿನ ಬಲದಿಂದಲೇ. ಅವರ ಬದುಕು ಗೊತ್ತಾದರೆ ಈ ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ಗೊತ್ತಾಗುತ್ತದೆ.

ಎಂಟು ದಿನಗಳಲ್ಲಿ ಇಬ್ಬರು ಅಣ್ಣತಮ್ಮಂದಿರು

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮಾವರಂನಲ್ಲಿ. ಓದಿನಲ್ಲಿ ಮೊದಲಿನಿಂದ ಮುಂದಿದ್ದವರೇನಲ್ಲ. ಹದಿಮೂರನೇ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡೋಣವೆಂದು ಮನೆಬಿಟ್ಟು ಓಡಿಹೋಗಿ, ದಾರಿಯಲ್ಲೇ ಸಿಕ್ಕಿಬಿದ್ದು ವಾಪಸಾದ ಹುಡುಗ. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ, ಮದ್ರಾಸಿನಲ್ಲಿ.

ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜು, ನಂತರ ಮದ್ರಾಸ್ ಮೆಡಿಕಲ್ ಕಾಲೇಜು. ಖರ್ಚಿಗೆ ಸ್ನೇಹಿತರೂ ಮುಂದೆ ಮಾವನಾದವರೂ ನೆರವಾದರು. ಗಾಂಧೀಜಿ ವಿದೇಶಿ ಬಟ್ಟೆ ಬಿಡಿ ಎಂದಾಗ ಸುಬ್ಬರಾವ್ ಖಾದಿಯ ಸರ್ಜಿಕಲ್ ಗೌನು ತೊಟ್ಟು ಬಂದರು. ಬ್ರಿಟಿಷ್ ಪ್ರೊಫೆಸರಿಗೆ ಅದು ಹಿಡಿಸಲಿಲ್ಲ. ಬರೆದ ಪರೀಕ್ಷೆಗಳು ಚೆನ್ನಾಗಿದ್ದರೂ ಕೈಗೆ ಬಂದಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಅಷ್ಟರಿಂದ ಸರ್ಕಾರಿ ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನ ಕೈಗೂಡಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುವ ಕೆಲಸ ಹಿಡಿದರು.

ಈ ನಡುವೆ ಮನೆಯಲ್ಲಿ ಆದದ್ದನ್ನು ಫಾರ್ವರ್ಡ್ ಹೇಳುವುದೇ ಇಲ್ಲ. ಅವರ ಒಡಹುಟ್ಟಿದವರಲ್ಲಿ ಇಬ್ಬರು, ಪುರುಷೋತ್ತಮ ಮತ್ತು ಕೃಷ್ಣಮೂರ್ತಿ, ಎಂಟು ದಿನಗಳ ಅಂತರದಲ್ಲಿ ತೀರಿಕೊಂಡರು. ಕಾಯಿಲೆಯ ಹೆಸರು ಸ್ಪ್ರೂ. ಉಷ್ಣವಲಯದ ದೇಶಗಳಲ್ಲಿ ಬರುವ ಕರುಳಿನ ಕಾಯಿಲೆ ಇದು. ತಿಂದದ್ದರ ಸತ್ವ ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ಬಾಯಿ ಹುಣ್ಣಾಗುತ್ತದೆ, ರಕ್ತ ಕಡಿಮೆಯಾಗುತ್ತಾ ಮನುಷ್ಯ ಎಲುಬಿನ ಗೂಡಾಗುತ್ತಾನೆ. ಆಗ ಇದಕ್ಕೆ ಮದ್ದಿರಲಿಲ್ಲ. ಸುಬ್ಬರಾವ್ ಅವರಿಗೂ ಅದೇ ಕಾಯಿಲೆ ಬಂತು, ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಲ್ಲಿ ಅವರು ಉಳಿದುಕೊಂಡರು.

1922ರ ಅಕ್ಟೋಬರ್‌ನಲ್ಲಿ ಅವರು ಹಡಗಿಳಿದು ಬಾಸ್ಟನ್ ಸೇರಿದರು, ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳನ್ನು ಓದಲು. ಹೆಂಡತಿ ಶೇಷಗಿರಿಯನ್ನು ಊರಲ್ಲೇ ಬಿಟ್ಟು ಹೋಗಿದ್ದರು. ಆಮೇಲೆ ಹುಟ್ಟಿದ ಗಂಡುಮಗು ಒಂದು ವರ್ಷವೂ ತುಂಬುವ ಮೊದಲೇ ಸೋಂಕಿನಿಂದ ತೀರಿಕೊಂಡಿತು. ಸುಬ್ಬರಾವ್ ಅದರ ಮುಖ ನೋಡಲಿಲ್ಲ. ಮತ್ತೆಂದೂ ಭಾರತಕ್ಕೆ ಬರಲೂ ಇಲ್ಲ. ಫಾರ್ವರ್ಡ್‌ಗಳು ಇದನ್ನು ತ್ಯಾಗ ಎಂದು ಬರೆಯುತ್ತವೆ. ಆ ತ್ಯಾಗದಲ್ಲಿ ಹೆಂಡತಿಯ ಪಾಲು ಎಷ್ಟಿತ್ತು ಎಂದು ಯಾವ ಫಾರ್ವರ್ಡ್ ಕೂಡ ಬರೆದಿದ್ದನ್ನು ನಾವು ನೋಡಿಲ್ಲ.

ಹಗಲು ಲ್ಯಾಬು, ರಾತ್ರಿ ಆಸ್ಪತ್ರೆ

ಬಾಸ್ಟನ್‌ನಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪೋರ್ಟರ್ ಕೆಲಸ ಮಾಡಿದರು. ಹಗಲು ಹಾರ್ವರ್ಡ್ ಲ್ಯಾಬಿನಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ. ರಕ್ತದಲ್ಲಿ ರಂಜಕ ಎಷ್ಟಿದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ಒಂದು ವಿಧಾನವನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ಬಯೊಕೆಮಿಸ್ಟ್ರಿ ಓದಿದವರಿಗೆ ಫಿಸ್ಕೆ-ಸುಬ್ಬರಾವ್ ವಿಧಾನ ಎಂದರೆ ಇಂದಿಗೂ ಗೊತ್ತು. ಅದೇ ದಾರಿಯಲ್ಲಿ ಹೋಗಿ ಸ್ನಾಯುವಿನಲ್ಲಿ ಶಕ್ತಿ ಕೂಡಿಡುವ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು, 1929ರಲ್ಲಿ ಎಟಿಪಿಯನ್ನು ಗುರುತಿಸಿದರು. ಎಟಿಪಿಯನ್ನು ಅವರೊಬ್ಬರೇ ಕಂಡುಹಿಡಿದರು ಎಂದು ಫಾರ್ವರ್ಡ್ ಹೇಳುತ್ತದೆ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಕಂಡುಹಿಡಿದಿದ್ದರು.

ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿ, ಮುಂದೆ ಅಲ್ಲಿನ ಸಂಶೋಧನೆಗೆ ಮುಖ್ಯಸ್ಥರಾದರು. ಫೋಲಿಕ್ ಆಸಿಡ್ ಮಾತ್ರೆಯ ಕತೆ ಶುರುವಾಗುವುದು ಔಷಧ ಕಂಪನಿಯೊಂದರಲ್ಲೇ. ಕಂಪನಿಗಳು ಅದನ್ನು ಮುಚ್ಚಿಟ್ಟವು ಎನ್ನುವವರು ಇದನ್ನು ಗಮನಿಸಬೇಕು.

ಫೋಲೇಟ್ ಎಂಬ ಪೋಷಕಾಂಶದ ಸುಳಿವು ಮೊದಲು ಸಿಕ್ಕಿದ್ದು ಅಮೆರಿಕದಲ್ಲಲ್ಲ, ಮುಂಬೈಯಲ್ಲಿ. 1928ರಲ್ಲಿ ಬ್ರಿಟನ್ನಿನ ಲೂಸಿ ವಿಲ್ಸ್ ಎಂಬ ವೈದ್ಯೆ ಇಲ್ಲಿಗೆ ಬಂದು, ಬಸುರಿಯರನ್ನು, ಮುಖ್ಯವಾಗಿ ಬಟ್ಟೆ ಗಿರಣಿಗಳ ಬಡ ಹೆಂಗಸರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಬ್ರೆಡ್ಡಿಗೆ ಸವರಿಕೊಳ್ಳುವ ಯೀಸ್ಟ್ ಸಾರ, ಅಂದರೆ ಮಾರ್ಮೈಟ್, ಕೊಟ್ಟರೆ ಆ ಹೆಂಗಸರು ಚೇತರಿಸಿಕೊಳ್ಳುತ್ತಾರೆ ಎಂದು ತೋರಿಸಿದರು. ಅದರೊಳಗಿನ ವಸ್ತು ಯಾವುದು ಎಂದು ತಿಳಿಯಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1941ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಚೂರೇ ಚೂರು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್‌ನಲ್ಲಿ ಫೋಲಿಯಂ, ಅದರಿಂದ ಫೋಲಿಕ್ ಆಸಿಡ್ ಎಂಬ ಹೆಸರು.

ಟನ್‌ಗಟ್ಟಲೆ ಸೊಪ್ಪು ಅರೆದು ರೋಗಿಗಳಿಗೆ ಔಷಧ ಕೊಡಲಾಗುವುದಿಲ್ಲ. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು ಲೆಡರ್ಲೆಯ ತಂಡ 1945ರಲ್ಲಿ ಪ್ರಕಟಿಸಿತು. ಆ ಪ್ರಬಂಧದಲ್ಲಿ ಹತ್ತಕ್ಕೂ ಹೆಚ್ಚು ಹೆಸರುಗಳಿವೆ, ಸುಬ್ಬರಾವ್ ಅವರದು ಅವುಗಳಲ್ಲಿ ಒಂದು. ಸ್ವಲ್ಪ ಸಮಯದಲ್ಲೇ ಟಾಮ್ ಸ್ಪೀಸ್ ಎಂಬ ವೈದ್ಯ ಕ್ಯೂಬಾ, ಪೋರ್ಟೊ ರಿಕೊಗಳಲ್ಲಿ ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟರು. ರೋಗಿಗಳು ಎದ್ದು ಕೂತರು. ಸುಬ್ಬರಾವ್ ಅವರ ಮನೆಯ ಇಬ್ಬರನ್ನು ಎಂಟು ದಿನದಲ್ಲಿ ಒಯ್ದಿದ್ದು ಇದೇ ಕಾಯಿಲೆ. ಇಂದು ಸ್ಪ್ರೂಗೆ ಫೋಲಿಕ್ ಆಸಿಡ್ ಜೊತೆ ಟೆಟ್ರಾಸೈಕ್ಲಿನ್ ಕೊಡುತ್ತಾರೆ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಆರಿಯೊಮೈಸಿನ್ ಬಂದಿದ್ದೂ ಅವರ ಉಸ್ತುವಾರಿಯಲ್ಲಿದ್ದ ಲ್ಯಾಬಿನಿಂದಲೇ, ಬೆಂಜಮಿನ್ ಡಗ್ಗರ್ ಎಂಬ ವಯಸ್ಸಾದ ಸಸ್ಯಶಾಸ್ತ್ರಜ್ಞರ ಕೈಯಿಂದ. ನಮ್ಮ ಕರಾವಳಿಯಲ್ಲಿ, ಕಲಬುರಗಿ ಕಡೆಯಲ್ಲಿ ಆನೆಕಾಲು ರೋಗ ತಡೆಯಲು ಮನೆಮನೆಗೆ ಬಂದು ನುಂಗಿಸಿದ ಡಿಇಸಿ ಮಾತ್ರೆಯ ಮೂಲವೂ ಅದೇ ಲ್ಯಾಬ್.

ವಿಟಮಿನ್ ಎಂದಮಾತ್ರಕ್ಕೆ ಒಳ್ಳೆಯದೇ?

ನಮ್ಮ ಮಟ್ಟಿಗೆ ಈ ಬದುಕಿನ ಮುಖ್ಯ ಭಾಗ ಇನ್ನು ಮುಂದಿನದು. ದೇಹದಲ್ಲಿ ಹೊಸ ಕೋಶ ಹುಟ್ಟಬೇಕಾದರೆ ಹೊಸ ಡಿಎನ್ಎ ಬೇಕು, ಅದನ್ನು ಕಟ್ಟಲು ಫೋಲೇಟ್ ಬೇಕು. ರಕ್ತಕಣಗಳು ದಿನವೂ ಹುಟ್ಟುತ್ತಿರುವುದರಿಂದ ಕೊರತೆ ಅಲ್ಲಿ ಮೊದಲು ಕಾಣುತ್ತದೆ. ಗರ್ಭದಲ್ಲಿ ಮಗು ಬೆಳೆಯುವಾಗಲೂ ಹಾಗೆಯೇ.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಲೆಡರ್ಲೆಯಿಂದ ಬಂದ ಫೋಲಿಕ್ ಆಸಿಡ್ ಮಾದರಿಯ ವಸ್ತುಗಳನ್ನು ಕೊಟ್ಟು ನೋಡಿದರು. ಕ್ಯಾನ್ಸರ್ ಇನ್ನೂ ವೇಗವಾಗಿ ಬೆಳೆದಂತೆ ಕಂಡಿತು. ಕ್ಯಾನ್ಸರ್ ಕೋಶಗಳಿಗೂ ಡಿಎನ್ಎ ಬೇಕಲ್ಲ! ಹಾಗಾದರೆ ಫೋಲೇಟ್ ಸಿಗದಂತೆ ಮಾಡಿದರೆ? ಫೋಲಿಕ್ ಆಸಿಡ್‌ನಂತೆಯೇ ಕಾಣುವ, ಆದರೆ ಬೀಗದೊಳಗೆ ಸಿಕ್ಕಿಕೊಂಡ ತಪ್ಪು ಕೀಲಿಯಂತೆ ಕೆಲಸ ಕೆಡಿಸುವ ಅಮಿನೊಪ್ಟೆರಿನ್ ಎಂಬ ವಸ್ತುವನ್ನು ಸುಬ್ಬರಾವ್ ತಂಡ ಮಾಡಿಕೊಟ್ಟಿತು. 1948ರ ಜೂನ್‌ನಲ್ಲಿ ಫಾರ್ಬರ್ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು, ಅದೂ ತಾತ್ಕಾಲಿಕವಾಗಿ. ಆದರೂ ಅಂಥದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅಮಿನೊಪ್ಟೆರಿನ್‌ನ ಹತ್ತಿರದ ನೆಂಟ ಮೆಥೊಟ್ರೆಕ್ಸೇಟ್ ಇಂದು ಕ್ಯಾನ್ಸರ್‌ಗೂ, ಕೀಲುವಾತಕ್ಕೂ, ಸೋರಿಯಾಸಿಸ್‌ಗೂ ಔಷಧ. ಕೀಲುವಾತಕ್ಕೆ ವಾರಕ್ಕೊಮ್ಮೆ ಅದನ್ನು ತೆಗೆದುಕೊಳ್ಳುವವರಿಗೆ ವೈದ್ಯರು ಅಡ್ಡಪರಿಣಾಮ ತಗ್ಗಿಸಲೆಂದು ಬೇರೆ ದಿನ ಫೋಲಿಕ್ ಆಸಿಡ್ ಕೊಡುತ್ತಾರೆ. ಆ ಎರಡು ಮಾತ್ರೆ ಅದಲುಬದಲಾಗಿ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಜೀವಕ್ಕೇ ಕುತ್ತು. ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ಈವತ್ತೇ ಸ್ಟ್ರಿಪ್ ನೋಡಿ.

ಇದೇ ವರ್ಷಗಳಲ್ಲಿ ಗೊತ್ತಾದ ಇನ್ನೊಂದು ವಿಷಯ ಸಸ್ಯಾಹಾರಿಗಳಿಗೆ ಮುಖ್ಯ. ಬಿ12 ವಿಟಮಿನ್ ಕೊರತೆಯಿಂದ ಬರುವ ರಕ್ತಹೀನತೆಯನ್ನೂ ಫೋಲಿಕ್ ಆಸಿಡ್ ಸರಿಪಡಿಸಿಬಿಡುತ್ತದೆ. ರಕ್ತಪರೀಕ್ಷೆಯ ರಿಪೋರ್ಟ್ ಚೆನ್ನಾಗಿ ಬರುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಕಾಲು ಜೋಮು, ನಡೆಯುವಾಗ ಓಲಾಟ, ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಧಾರಾಳವಾಗಿದೆ (ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವವರಿಗೆ ಇನ್ನೂ ಹೆಚ್ಚು ಸಿಗುತ್ತದೆ), ಆದರೆ ಬಿ12 ಅಲ್ಲಿಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು. ದಿನಕ್ಕೆ ಸುಮಾರು 400 ಮೈಕ್ರೊಗ್ರಾಂ ಫೋಲೇಟ್ ಸಾಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮಾತ್ರೆ 5 ಮಿಲಿಗ್ರಾಂನದು, ಹತ್ತು ಪಟ್ಟಿಗಿಂತ ಹೆಚ್ಚು.

ಹಾಗೆಂದು ಗರ್ಭಿಣಿಯರು ಹೆದರಿ ಮಾತ್ರೆ ಬಿಡಬೇಡಿ. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದನ್ನು ಫೋಲಿಕ್ ಆಸಿಡ್ ಶೇ 72ರಷ್ಟು ತಗ್ಗಿಸಿದ್ದು 1991ರ ಬ್ರಿಟನ್ ಅಧ್ಯಯನದಲ್ಲಿ ಸಾಬೀತಾಗಿದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲೂ ಇದಿದೆ.

ಹೃದಯದ ವಿಷಯ ಎಲ್ಲಿಂದ ಬಂತು?

ಫಾರ್ವರ್ಡ್ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ರಕ್ತದಲ್ಲಿ ಹೋಮೊಸಿಸ್ಟೀನ್ ಎಂಬ ವಸ್ತು ಇದೆ. ಅದು ಹೆಚ್ಚಿದ್ದವರಲ್ಲಿ ಹೃದಯಾಘಾತ ಹೆಚ್ಚು ಎಂದು ಕಂಡುಬಂದಿತ್ತು, ಫೋಲಿಕ್ ಆಸಿಡ್ ಕೊಟ್ಟರೆ ಅದು ಇಳಿಯುತ್ತದೆ. ಹೋಮೊಸಿಸ್ಟೀನ್ ಕೊಲೆಸ್ಟ್ರಾಲ್ ಅಲ್ಲ, ಎರಡೂ ಬೇರೆ ಬೇರೆ. ಆದರೂ ಒಳ್ಳೆಯದಾಗಬಹುದೆಂಬ ಆಸೆಯಿಂದ ದೊಡ್ಡ ಪ್ರಯೋಗಗಳು ನಡೆದವು. 2006ರಲ್ಲಿ ಎರಡರ ಫಲಿತಾಂಶ ಒಟ್ಟಿಗೆ ಬಂತು. ಒಂದು 5,522 ಜನರದು, ಇನ್ನೊಂದು ನಾರ್ವೆಯಲ್ಲಿ ಹೃದಯಾಘಾತವಾಗಿದ್ದ 3,749 ಜನರದು. ಹೋಮೊಸಿಸ್ಟೀನ್ ಇಳಿಯಿತು, ಹೃದಯಾಘಾತ ಕಡಿಮೆಯಾಗಲಿಲ್ಲ. ಚೀನಾದಲ್ಲಿ ಬಿಪಿ ಇದ್ದ 20,702 ಜನರಿಗೆ ಬಿಪಿ ಮಾತ್ರೆಯ ಜೊತೆಗೆ ಫೋಲಿಕ್ ಆಸಿಡ್ ಕೊಟ್ಟಾಗ ಪಾರ್ಶ್ವವಾಯು ಸ್ವಲ್ಪ ಕಡಿಮೆಯಾಯಿತು. ಅಲ್ಲೂ ಬಿಪಿ ಮಾತ್ರೆಯನ್ನು ಯಾರೂ ನಿಲ್ಲಿಸಿರಲಿಲ್ಲ.

ಸ್ಟ್ಯಾಟಿನ್ ವಿಷಯ ಬೇರೆ. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವ ಹಂತವನ್ನೇ ಅದು ತಡೆಯುತ್ತದೆ. ಹೃದ್ರೋಗವಿದ್ದ 4,444 ಜನರ ಮೇಲೆ ಸ್ಕ್ಯಾಂಡಿನೇವಿಯಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾವು ಶೇ 30ರಷ್ಟು ಕಡಿಮೆಯಾಗಿತ್ತು. ನಮ್ಮ ಓದುಗರ ತಂದೆಯಂಥವರೇ ಅವರೆಲ್ಲ. ಸ್ಟ್ಯಾಟಿನ್‌ನಿಂದ ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಿ, ಪ್ರಮಾಣ ಅಥವಾ ಮಾತ್ರೆ ಬದಲಿಸುತ್ತಾರೆ.

ಸುಬ್ಬರಾವ್ ತೀರಿಕೊಂಡಿದ್ದು 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ನ್ಯೂಯಾರ್ಕ್‌ನಲ್ಲಿ. ಕಾರಣ ಹೃದಯಾಘಾತ. ಇದರಿಂದ ಫೋಲಿಕ್ ಆಸಿಡ್ ಬಗ್ಗೆ ಏನನ್ನೂ ಸಾಬೀತು ಮಾಡಲು ನಾವು ಹೊರಟಿಲ್ಲ, ಒಬ್ಬರ ಸಾವಿನಿಂದ ಹಾಗೆ ಹೇಳಲೂ ಬಾರದು. ಆದರೆ ಆಗ ಹೃದಯಾಘಾತ ಏಕೆ ಆಗುತ್ತದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಕೊಲೆಸ್ಟ್ರಾಲ್, ಬಿಪಿ, ಸಿಗರೇಟಿನ ಪಾತ್ರವನ್ನು ಜಗತ್ತಿಗೆ ತೋರಿಸಿದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಶುರುವಾಗಿದ್ದು ಅದೇ 1948ರಲ್ಲಿ, ಅವರು ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ದುಡಿದ ಬಾಸ್ಟನ್‌ಗೆ ಹತ್ತಿರದ ಊರಿನಲ್ಲಿ. ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬರಲು 1987 ಆಗಬೇಕಾಯಿತು.

ಓದುಗರ ತಂದೆ ವೈದ್ಯರನ್ನು ಕಂಡು, ಲಿಪಿಡ್ ಪರೀಕ್ಷೆ ಮಾಡಿಸಿ, ಸ್ಟ್ಯಾಟಿನ್ ಮತ್ತೆ ಶುರು ಮಾಡಿದ್ದಾರೆ. ಫಾರ್ವರ್ಡನ್ನು ಅವರು ಬೆಳಗಿನ ವಾಕಿಂಗ್ ಗೆಳೆಯರ ಗ್ರೂಪಿಗೂ ಕಳಿಸಿದ್ದರಂತೆ. ಈ ಲೇಖನವನ್ನೂ ಅದೇ ಗ್ರೂಪಿಗೆ ಹಾಕುವುದಾಗಿ ಹೇಳಿದ್ದಾರೆ.