ಸ್ವಾಧ್ಯಾಯದ ಚಕ್ರವರ್ತಿ

ಆರು ಬಗೆಯ ಅಂತರಂಗ ತಪಸ್ಸಿನಲ್ಲಿ ಸ್ವಾಧ್ಯಾಯವೂ ಒಂದು. ತತ್ತ್ವಾರ್ಥಸೂತ್ರವು ಅದನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದಾಗಿ ವಿಂಗಡಿಸುತ್ತದೆ. ವಾಚನೆಯೆಂದರೆ ಗ್ರಂಥವನ್ನೂ ಅದರ ಅರ್ಥವನ್ನೂ ಇನ್ನೊಬ್ಬನಿಗೆ ಒಪ್ಪಿಸುವುದೆಂದು ಪೂಜ್ಯಪಾದರು ವಿವರಿಸಿದ್ದಾರೆ. ಹೀಗೆ ಸ್ವಾಧ್ಯಾಯದ ಮೊದಲ ಅಂಗದಲ್ಲಿಯೂ ಕೊನೆಯ ಅಂಗದಲ್ಲಿಯೂ ಎದುರಿಗೊಬ್ಬ ಕೇಳುಗನಿದ್ದಾನೆ. ಪರರಿಗೆ ಕಲಿಸುವುದನ್ನು ತನ್ನದೇ ಅಧ್ಯಯನವೆಂದು ಎಣಿಸಿದ ಈ ಕ್ರಮದ ಅರ್ಥವು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಜೀವನದಲ್ಲಿ ತೋರುವಷ್ಟು ಸ್ಪಷ್ಟವಾಗಿ ಬೇರೆಡೆ ತೋರುವುದು ವಿರಳ.

ಹತ್ತನೆಯ ಶತಮಾನದ ಈ ಆಚಾರ್ಯರು ಅಭಯನಂದಿ, ವೀರನಂದಿ, ಇಂದ್ರನಂದಿ ಮೊದಲಾದವರನ್ನು ಗುರುಸ್ಥಾನದಲ್ಲಿ ಸ್ಮರಿಸಿದ್ದಾರೆ. ಅವರ ಹುಟ್ಟೂರು, ಮನೆತನಗಳ ಮಾತು ಅವರ ಕೃತಿಗಳಲ್ಲಿಲ್ಲ. ಮುನಿಗೆ ಅದು ಬೇಕಾದುದೂ ಅಲ್ಲ. ಚಕ್ರವರ್ತಿಯು ಚಕ್ರರತ್ನದಿಂದ ಭರತಕ್ಷೇತ್ರದ ಆರು ಖಂಡಗಳನ್ನು ಸಾಧಿಸುವಂತೆ ಮತಿಯೆಂಬ ಚಕ್ರದಿಂದ ಷಟ್ಖಂಡಾಗಮವನ್ನು ಸಾಧಿಸಿದವರೆಂಬುದು ಅವರ ಬಿರುದಿನ ಅರ್ಥ. ಆ ಸಾಧನೆ ಸಾಮಾನ್ಯವಾದುದಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯೊಂದೇ 72,000 ಶ್ಲೋಕ ಪ್ರಮಾಣದ್ದು.

ಇಂತಹ ವಿದ್ವಾಂಸರ ಬಳಿಗೆ ಬಂದ ಶಿಷ್ಯ ಗಂಗರಾಜ್ಯದ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ. ಮಾರಸಿಂಹ, ರಾಚಮಲ್ಲರ ಕಾಲದಲ್ಲಿ ಯುದ್ಧಗಳನ್ನು ಗೆದ್ದವನು, 978ರಲ್ಲಿ ಕನ್ನಡ ಗದ್ಯದಲ್ಲಿ ಮಹಾಪುರಾಣವನ್ನು ರಚಿಸಿದವನು, ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದವನು. ಆಚಾರ್ಯರು ಸಿದ್ಧಾಂತಗ್ರಂಥವನ್ನು ಓದುತ್ತಿದ್ದಾಗ ಅವನು ದರ್ಶನಕ್ಕೆ ಬಂದನೆಂದೂ, ಅವನನ್ನು ಕಂಡೊಡನೆ ಅವರು ಗ್ರಂಥವನ್ನು ಮುಚ್ಚಿದರೆಂದೂ ಪರಂಪರೆ ಹೇಳುತ್ತದೆ. ಆ ಗ್ರಂಥದ ಶ್ರವಣಕ್ಕೆ ಗೃಹಸ್ಥನು ಅಧಿಕಾರಿಯಲ್ಲವೆಂಬುದು ಕಾರಣ. ಅವನ ಜಿಜ್ಞಾಸೆಯಾದರೋ ನಿಜವಾದುದು. ಮರ್ಯಾದೆಯನ್ನು ಮೀರದೆ ಆ ಹಸಿವನ್ನು ತಣಿಸಬೇಕಾಗಿತ್ತು. ಅದಕ್ಕಾಗಿ ಹುಟ್ಟಿದ್ದು ಗೊಮ್ಮಟಸಾರ. ಗೊಮ್ಮಟನೆಂಬುದು ಚಾವುಂಡರಾಯನದೇ ಹೆಸರು.

ಸಾಗರದಂತಿದ್ದ ಆಗಮವು ಇಲ್ಲಿ ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳ ಸುಮಾರು 1,700 ಪ್ರಾಕೃತ ಗಾಥೆಗಳಲ್ಲಿ ಅಡಗಿತು. ಹೀಗೆ ಅಡಗಿಸುವುದು ಬರಿಯ ಕಿರಿದುಗೊಳಿಸುವಿಕೆಯಲ್ಲ. ಯಾವುದು ಮೊದಲು ತಿಳಿದರೆ ಯಾವುದು ತಿಳಿಯುತ್ತದೆ, ಯಾವುದನ್ನು ಬಿಟ್ಟರೆ ಉಳಿದುದು ಕುಸಿಯುತ್ತದೆ ಎಂಬುದನ್ನು ಕಾಣದವನಿಗೆ ಅದು ಆಗದ ಕೆಲಸ. ತಾನೊಬ್ಬನೇ ಓದುವಾಗ ಗ್ರಂಥದ ಕ್ರಮವನ್ನೇ ಅನುಸರಿಸಿ ನಡೆದರೆ ಸಾಕು. ಕಲಿಸಹೊರಟವನು ಕೇಳುಗನ ದಾರಿಯನ್ನು ತಾನೇ ಕಡಿಯಬೇಕು. ಜೀವಕಾಂಡವು ಗುಣಸ್ಥಾನ, ಜೀವಸಮಾಸಗಳಿಂದ ತೊಡಗಿ, ಹದಿನಾಲ್ಕು ಮಾರ್ಗಣೆಗಳನ್ನು ಹಾಯ್ದು, ಉಪಯೋಗದವರೆಗೆ ಇಪ್ಪತ್ತು ಪ್ರರೂಪಣೆಗಳಲ್ಲಿ ಹರಿಯುತ್ತದೆ. ಪೂರ್ವಾಚಾರ್ಯರ ಗಾಥೆಗಳನ್ನೂ ಆಚಾರ್ಯರು ಸಂಕೋಚವಿಲ್ಲದೆ ಸೇರಿಸಿಕೊಂಡಿದ್ದಾರೆ. ಹೊಸದನ್ನು ಹೇಳಿದೆನೆಂಬ ಹಮ್ಮು ಅಲ್ಲಿಲ್ಲ.

ಪ್ರಮಾದದ ಪ್ರಕರಣವನ್ನೇ ನೋಡಬಹುದು. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ, ಪ್ರಣಯ ಎಂದು ಪ್ರಮಾದಗಳು ಹದಿನೈದು. ಪ್ರತಿ ವರ್ಗದಿಂದ ಒಂದೊಂದನ್ನು ಕೂಡಿಸಿದರೆ 80 ಭಂಗಗಳಾಗುತ್ತವೆ. ಪಾಠವು ಈ ಎಣಿಕೆಗೆ ನಿಲ್ಲುವುದಿಲ್ಲ. ಸಂಖ್ಯೆಯನ್ನು ಕೊಟ್ಟರೆ ಭಂಗವನ್ನು ಕಂಡುಹಿಡಿಯುವ ನಷ್ಟವೆಂಬ ರೀತಿಯನ್ನೂ, ಭಂಗವನ್ನು ಹೇಳಿದರೆ ಅದರ ಸಂಖ್ಯೆಯನ್ನು ತಿಳಿಯುವ ಸಮುದ್ದಿಷ್ಟವೆಂಬ ರೀತಿಯನ್ನೂ ಅಲ್ಲಿ ವಿವರಿಸಿದೆ. ಹೋದ ದಾರಿಯಲ್ಲಿಯೇ ಹಿಂದಿರುಗಿ ಬರಬಲ್ಲವನಿಗಷ್ಟೇ ವಿಷಯ ವಶವಾಗಿದೆ ಎಂಬುದು ಪಾಠ ಹೇಳಿ ಬಲ್ಲವರ ಅನುಭವ. ಲೇಶ್ಯೆಯನ್ನು ತಿಳಿಸುವಾಗಲಾದರೋ ಗಣಿತವಿಲ್ಲ. ಹಣ್ಣು ತುಂಬಿದ ಮರವೊಂದನ್ನು ಕಂಡ ಆರು ಮಂದಿ ದಾರಿಗರಲ್ಲಿ ಒಬ್ಬನು ಅದನ್ನು ಬುಡಸಹಿತ ಕೀಳಬಯಸುತ್ತಾನೆ, ಕೊನೆಯವನು ನೆಲಕ್ಕೆ ಬಿದ್ದ ಹಣ್ಣಿನಿಂದಲೇ ತೃಪ್ತನಾಗುತ್ತಾನೆ. ಅಕ್ಷರವರಿಯದ ಶ್ರಾವಕನಿಗೂ ತಿಳಿಯುವ ಈ ಮರ ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿಯೂ ಇದೆ.

ಕೇಳಿದವನೂ ಸುಮ್ಮನೆ ಕೂರಲಿಲ್ಲ. ಚಾವುಂಡರಾಯನು ಗೊಮ್ಮಟಸಾರಕ್ಕೆ ದೇಶಭಾಷೆಯಲ್ಲಿ ವೀರಮಾರ್ತಂಡಿಯೆಂಬ ವೃತ್ತಿಯನ್ನು ರಚಿಸಿದನು. ಅದು ಈಗ ದೊರೆಯದು. ಕರ್ಮಕಾಂಡದ ಕೊನೆಯಲ್ಲಿ ಗುರುವೇ ಅದನ್ನು ಹರಸಿರುವುದರಿಂದ ತಿಳಿದುಬರುತ್ತದೆ. ಜೀವಕಾಂಡದ ಮುಕ್ತಾಯದಲ್ಲಿ ಶಿಷ್ಯನಿಗೆ ಜಯವನ್ನು ಕೋರುವಾಗ ಅಜಿತಸೇನರು ಅವನ ಗುರುಗಳೆಂದು ನೇಮಿಚಂದ್ರರು ಹೇಳುತ್ತಾರೆಯೇ ಹೊರತು ತಮ್ಮನ್ನು ಹೆಸರಿಸಿಕೊಳ್ಳುವುದಿಲ್ಲ. ಮುಂದೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ವಿಸ್ತಾರವಾದ ಟೀಕೆಯನ್ನು ಬರೆದನು. ಅದನ್ನು ಆಧರಿಸಿ ಸಂಸ್ಕೃತ ಟೀಕೆಯೂ, ಅದರಿಂದ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರ ಭಾಷಾಟೀಕೆಯೂ ಬಂದವು. ಧವಲಾದಿ ಗ್ರಂಥಗಳು ಮೂಡುಬಿದಿರೆಯಲ್ಲಿ ದರ್ಶನಕ್ಕಷ್ಟೇ ದೊರೆಯುತ್ತಿದ್ದ ಶತಮಾನಗಳಲ್ಲಿ ಸಿದ್ಧಾಂತದ ಅಭ್ಯಾಸವೆಂದರೆ ಗೊಮ್ಮಟಸಾರದ ಅಭ್ಯಾಸವೇ ಆಗಿತ್ತು.

ಆಚಾರ್ಯರ ಮತ್ತೊಂದು ಕೃತಿ ತ್ರಿಲೋಕಸಾರ. ಷಟ್ಖಂಡವನ್ನು ಸಾಧಿಸಿದ ಆ ಚಕ್ರವರ್ತಿಯೇ ಅದರ ಅಂತ್ಯದಲ್ಲಿ ತಮ್ಮನ್ನು ಅಲ್ಪಶ್ರುತನೆಂದು ಕರೆದುಕೊಂಡು ಬಹುಶ್ರುತರ ಕ್ಷಮೆಯನ್ನು ಬೇಡಿದ್ದಾರೆ. ಆ ಗ್ರಂಥಕ್ಕೆ ಸಂಸ್ಕೃತ ಟೀಕೆಯನ್ನು ಬರೆದವರು ಅವರ ಶಿಷ್ಯ ಮಾಧವಚಂದ್ರ ತ್ರೈವಿದ್ಯರು. ಅದರೊಳಗಿನ ಕೆಲವು ಗಾಥೆಗಳು ತಾವು ರಚಿಸಿದವು, ಗುರುಗಳ ಸಮ್ಮತಿಯಿಂದ ಅಲ್ಲಿ ಸೇರಿದವು ಎಂದು ಅವರೇ ತಿಳಿಸಿದ್ದಾರೆ.