ಇವಾನ್ ರಾಬರ್ಟ್ಸ್ ಯಾಕೆ ಮೌನವಾದರು?

ಉಜ್ಜೀವನ ಬೇಕು ಅಂತ ನಾವೆಲ್ಲ ಪ್ರಾರ್ಥನೆ ಮಾಡ್ತೇವೆ. ಉಜ್ಜೀವನ ಯಾರ ಮೂಲಕ ಬಂತೋ ಆ ಸೇವಕನಿಗೆ ಆಮೇಲೆ ಏನಾಯ್ತು ಅಂತ ಮಾತ್ರ ನಾವು ಕೇಳೋದಿಲ್ಲ. ಇವತ್ತು ವೇಲ್ಸ್ ದೇಶದ ಇವಾನ್ ರಾಬರ್ಟ್ಸ್ ಅವರ ಜೀವನ ಹೇಳ್ತೀನಿ.

ಅವರು ಹುಟ್ಟಿದ್ದು 1878ರಲ್ಲಿ, ಲಖರ್ ಎಂಬ ಊರಲ್ಲಿ. ತಂದೆ ಕಲ್ಲಿದ್ದಲು ಗಣಿ ಕಾರ್ಮಿಕ. ಮಗನೂ ಹುಡುಗನಿದ್ದಾಗಲೇ ಗಣಿಗೆ ಇಳಿದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಜ್ಜೀವನಕ್ಕಾಗಿ ಪ್ರಾರ್ಥಿಸಿದವರು. ಸೇವೆಗೆ ಸಿದ್ಧರಾಗಲು ಓದೋಕೆ ಹೋಗಿದ್ದವರು 1904ರ ಅಕ್ಟೋಬರ್ 31ರಂದು ಊರಿಗೆ ಮರಳಿದರು. ಅಂದು ರಾತ್ರಿ ಮೊರಾಯ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಉಳಿದವರು 17 ಜನ. ಇವಾನ್‌ಗೆ 26 ವರ್ಷ. ಕೆಲವೇ ತಿಂಗಳಲ್ಲಿ ಸುಮಾರು ಒಂದು ಲಕ್ಷ ಜನ ಕರ್ತನ ಕಡೆಗೆ ತಿರುಗಿದರು! ಹೊಸ ಜೀವಿತಕ್ಕೆ ಬಂದ ಕಾರ್ಮಿಕರು ಬೈಯೋದು ಬಿಟ್ಟಿದ್ದರಿಂದ ಗಣಿಯ ಕುದುರೆಗಳಿಗೆ ಅವರ ಮಾತೇ ಅರ್ಥವಾಗ್ತಿರಲಿಲ್ಲ ಅಂತ ಹೇಳ್ತಾರೆ. ಆ ಬೆಂಕಿಯ ಕಿಡಿ 1905ರಲ್ಲಿ ನಮ್ಮ ದೇಶದ ಖಾಸಿ ಬೆಟ್ಟಗಳಿಗೂ ಬಂತು. ಹಲ್ಲೆಲೂಯ.

ಈಗ ಇನ್ನೊಂದು ಕಡೆ ನೋಡಿ. ಕೂಟಗಳು ಮಧ್ಯರಾತ್ರಿ ದಾಟುತ್ತಿದ್ದವು. ಮರುದಿನ ಮತ್ತೊಂದು ಊರು. ಸರಿಯಾದ ನಿದ್ದೆ ಇಲ್ಲ. ಹಿಂದೆ ಮುಂದೆ ಪತ್ರಿಕೆಯವರು. 1905ರ ಜನವರಿಯಲ್ಲಿ ಪೀಟರ್ ಪ್ರೈಸ್ ಎಂಬ ಸಭಾಪಾಲಕರೇ, ಇವಾನ್ ನಡೆಸುತ್ತಿರುವುದು ನಕಲಿ ಉಜ್ಜೀವನ ಅಂತ ಪತ್ರಿಕೆಗೆ ಬರೆದರು. ಫೆಬ್ರವರಿಯಲ್ಲಿ ಇವಾನ್ ಏಳು ದಿನ ಬಾಯಿ ಬಿಡಲಿಲ್ಲ. ಏನಾದರೂ ಬೇಕಿದ್ದರೆ ಕಾಗದದಲ್ಲಿ ಬರೆದು ತೋರಿಸುತ್ತಿದ್ದರು. ಅದನ್ನು ಬರೀ ಆತ್ಮಿಕ ವಿಷಯ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ದೇಹ ಸಾಕು ಅಂತಿತ್ತು. ಆದರೂ ಮುಂದಿನ ತಿಂಗಳೇ ಲಿವರ್‌ಪೂಲ್, ಆಮೇಲೆ ಆಂಗಲ್ಸಿ. ಅಭಿಷೇಕ ಇದೆಯಲ್ಲ, ದಣಿವು ಹೇಗಾದೀತು ಅಂತ ನಾವು ತಿಳಿಯೋದು ಹೀಗೇ. ಜಾಲೀಗಿಡದ ಕೆಳಗೆ ಸಾವು ಬೇಡಿದ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು. ಇವಾನ್‌ಗೆ ಅದನ್ನು ಹೊತ್ತಿಗೆ ಸರಿಯಾಗಿ ಕೊಟ್ಟವರು ಯಾರು?

1906ರಲ್ಲಿ ಪೂರ್ತಿ ಕುಸಿದರು. ಲೆಸ್ಟರ್ ಹತ್ತಿರ ಜೆಸ್ಸಿ ಪೆನ್-ಲೂಯಿಸ್ ದಂಪತಿ ತಮ್ಮ ಮನೆಯಲ್ಲಿ ಆರೈಕೆ ಮಾಡಿದರು. ಒಳ್ಳೆಯದೇ. ಆದರೆ ಅಲ್ಲೇ ವರ್ಷಗಟ್ಟಲೆ ಉಳಿದರು. ಹೊರಗಿನವರಿಗೆ ಅವರನ್ನು ನೋಡೋದೇ ಕಷ್ಟವಾಯ್ತು. ಸಾವಿರಾರು ಜನರ ಮುಂದೆ ನಿಂತವರು ಮತ್ತೆಂದೂ ಆ ರೀತಿ ಸೇವೆಗೆ ಬರಲಿಲ್ಲ. 1951ರಲ್ಲಿ, 72ನೇ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲರೂ ನೋಡುವಂಥ ಸೇವೆ ಒಂದೂವರೆ ವರ್ಷ. ಉಳಿದದ್ದು ನಲವತ್ತಕ್ಕೂ ಹೆಚ್ಚು ವರ್ಷ.

ಇವಾನ್ ಪಾಪದಲ್ಲಿ ಬಿದ್ದವರಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ದಣಿದು ಒಂಟಿಯಾದ ಎಷ್ಟೋ ಸೇವಕರು ಬಿದ್ದಿದ್ದಾರೆ. ದಣಿದವನಿಗೆ ಸೈತಾನ ದೊಡ್ಡ ಬಲೆ ಬೀಸಬೇಕಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಕೈಯಲ್ಲೊಂದು ಮೊಬೈಲ್ ಸಾಕು. ಬಿದ್ದ ಮೇಲೆ ಕಲ್ಲು ಹಿಡಿದು ಬರೋದೂ ನಾವೇ.

ಪಾಸ್ಟರ್ ಈ ವಾರ ಯಾಕೆ ಊರಿಗೆ ಹೋದರು, ಸೇವೆ ಬಿಟ್ಟು ಹೋಗಬಹುದಾ ಅಂತ ಕೆಲವರು ನನ್ನನ್ನು ಕೇಳಿದಿರಿ. ಹಿರಿಯರಾದ ನಾವೇ ಕಳಿಸಿದ್ದು. ಬರುವ ತಿಂಗಳಿಂದ ಸೋಮವಾರ ಅವರಿಗೆ ಫೋನ್ ಮಾಡಬೇಡಿ, ನನಗೆ ಮಾಡಿ. ಕಾಣಿಕೆ ಎಣಿಸುವುದು ಇಬ್ಬರು ಹಿರಿಯರು. ಸಹೋದರಿಯರ ಜೊತೆ ಆಪ್ತ ಸಮಾಲೋಚನೆ ಇದ್ದರೆ ಪಾಸ್ಟರಮ್ಮ ಪಕ್ಕದಲ್ಲಿರ್ತಾರೆ. ಇದಕ್ಕೆಲ್ಲ ಪಾಸ್ಟರೇ ಮೊದಲು ಒಪ್ಪಿದ್ದು. ಬನ್ನಿ, ಎದ್ದು ನಿಂತು ಅವರ ಕುಟುಂಬಕ್ಕಾಗಿ ಪ್ರಾರ್ಥಿಸೋಣ.